ಕೇಬಲ್ ಬಿಡಿ, ಪೋರ್ಟ್ ನೋಡಿ

ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೊಂಡವರು ಜೊತೆಗೊಂದು ದುಬಾರಿ ಎಚ್‌ಡಿಎಂಐ ಕೇಬಲ್ ಕೊಳ್ಳಬೇಕಾಗಿಲ್ಲ. ಎರಡರ ಬಾಕ್ಸಿನಲ್ಲೂ ‘ಅಲ್ಟ್ರಾ ಹೈ ಸ್ಪೀಡ್’ ದರ್ಜೆಯ ಕೇಬಲ್ ಬರುತ್ತದೆ. ಆ ಕನ್ಸೋಲಿನಿಂದ ಹೊರಡುವ ಅತ್ಯುತ್ತಮ ಚಿತ್ರವನ್ನು ಟಿವಿಗೆ ಮುಟ್ಟಿಸಲು ಅಷ್ಟು ಸಾಕು. ಆದರೂ ಕನ್ಸೋಲ್ ಖರೀದಿಯ ಮಾತು ಬಂದರೆ ‘ಒಳ್ಳೆ ಕೇಬಲ್ ಯಾವುದು’ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಈ ಅಭ್ಯಾಸಕ್ಕೆ ಕಾರಣವಿದೆ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೂ ಬಾಕ್ಸಿನಲ್ಲಿ ಕೊಟ್ಟದ್ದು ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆಯ ಎವಿ ಕೇಬಲ್. ಅದರಲ್ಲಿ ಎಚ್‌ಡಿ ಚಿತ್ರ ಬರುವಂತಿರಲಿಲ್ಲ. ಹಾಗಾಗಿ ಬೇರೆ ಕೇಬಲ್ ಕೊಂಡವರಿಗೆ ಕಣ್ಣಿಗೆ ಕಾಣುವ ಲಾಭವೇ ಆಯಿತು. ಇಂದು ಪರಿಸ್ಥಿತಿ ಬದಲಾಗಿದೆ. ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು ಈಗ ತೀರ್ಮಾನಿಸುವುದು ಟಿವಿಯ ಹಿಂಬದಿಯ ಪೋರ್ಟ್. ಆ ಪೋರ್ಟಿನ ಬಗ್ಗೆ ಗ್ರಾಹಕರಿಗೆ ಸಿಗಬೇಕಾದ ಮಾಹಿತಿ ಸಿಗುತ್ತಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಕೇಬಲ್ಲಿನ ವಿಷಯ ಮುಗಿಸೋಣ. ಹಳೆಯ ಎವಿ ತಂತಿಯಲ್ಲಿ ಚಿತ್ರ ಹರಿಯುತ್ತಿದ್ದುದು ಏರಿಳಿಯುವ ವಿದ್ಯುತ್ ಅಲೆಯಾಗಿ. ತಂತಿ ಕಳಪೆಯಾದಷ್ಟೂ ಚಿತ್ರ ಮಸುಕಾಗುತ್ತಿತ್ತು. ಎಚ್‌ಡಿಎಂಐನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದರ ಸಾಲು. ಅದು ತಪ್ಪಿಲ್ಲದೆ ತಲುಪಿದರೆ ಅಗ್ಗದ ಕೇಬಲ್ಲಿಗೂ ದುಬಾರಿ ಕೇಬಲ್ಲಿಗೂ ಪರದೆಯ ಮೇಲೆ ಏನೇನೂ ವ್ಯತ್ಯಾಸವಿಲ್ಲ. ತಲುಪದಿದ್ದರೆ ಚುಕ್ಕೆಗಳು ಮಿನುಗುತ್ತವೆ, ಪರದೆ ಆಗಾಗ ಕಪ್ಪಾಗುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಬಣ್ಣ ತುಸು ಪೇಲವವಾಯಿತು ಎಂಬ ನಡುವಿನ ಸ್ಥಿತಿ ಇಲ್ಲಿಲ್ಲ. ದುಬಾರಿ ಕೇಬಲ್ ಹೆಚ್ಚು ಕಾಲ ಬಾಳುತ್ತದೆ ಎನ್ನುವವರಿದ್ದಾರೆ. ಗಟ್ಟಿ ಪ್ಲಗ್, ಒಳ್ಳೆಯ ಹೊದಿಕೆಗೆ ಸ್ವಲ್ಪ ಹೆಚ್ಚು ಕೊಡುವುದು ಸರಿಯೇ. ಆದರೆ ಟಿವಿಯ ಹಿಂದೆ ಒಮ್ಮೆ ಸಿಕ್ಕಿಸಿ ಮರೆತುಬಿಡುವ ವಸ್ತುವಿಗೆ ಹತ್ತು ಪಟ್ಟು ಬೆಲೆ ತೆರಲು ಅದು ಕಾರಣವಾಗದು. ಪ್ರೊಜೆಕ್ಟರಿಗೆಂದು ಉದ್ದನೆಯ ಕೇಬಲ್ ಎಳೆಯುವವರ ಸಂಗತಿ ಮಾತ್ರ ಬೇರೆ. ಉದ್ದ ಹೆಚ್ಚಿದಂತೆ ತಾಮ್ರದ ತಂತಿಯಲ್ಲಿ ಅತಿ ವೇಗದ ಸಂಕೇತ ಕುಗ್ಗುತ್ತದೆ. ಅಂಥವರು ಬೆಲೆ ನೋಡುವ ಬದಲು ಕೇಬಲ್ ಬಾಕ್ಸಿನ ಮೇಲೆ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ‘ಅಲ್ಟ್ರಾ ಹೈ ಸ್ಪೀಡ್’ ಪ್ರಮಾಣೀಕರಣದ ಚೀಟಿ ಇದೆಯೇ ಎಂದು ನೋಡಬೇಕು.

ಪೋರ್ಟಿನ ಲೆಕ್ಕ ಹೀಗಿದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಎಚ್‌ಡಿಆರ್ ಚಿತ್ರದಲ್ಲಿ ಒಂದೊಂದು ಚುಕ್ಕೆಯ ಬಣ್ಣ ಹೇಳಲು 30 ಬಿಟ್ ಬೇಕು. ಸೆಕೆಂಡಿಗೆ 120 ಚಿತ್ರ ಕಳಿಸುವುದಾದರೆ ಬರೀ ಚಿತ್ರವೇ 30 ಗಿಗಾಬಿಟ್ ಹತ್ತಿರವಾಗುತ್ತದೆ. ಎಚ್‌ಡಿಎಂಐ 2.0 ಮಟ್ಟದ ಪೋರ್ಟಿನ ಗರಿಷ್ಠ ಮಿತಿ 18 ಗಿಗಾಬಿಟ್. ಅದರಲ್ಲೂ ಚಿತ್ರಕ್ಕೆ ಸಿಗುವುದು 14.4 ಮಾತ್ರ. 48 ಗಿಗಾಬಿಟ್‌ವರೆಗೆ ಹೊರಬಲ್ಲ ಕೇಬಲ್ ಸಿಕ್ಕಿಸಿದರೂ ಇಂಥ ಪೋರ್ಟಿನಲ್ಲಿ 4ಕೆ 120 ಬರುವುದು ಸಾಧ್ಯವಿಲ್ಲ. ಕನ್ಸೋಲಿಗೂ ಅದರದೇ ಮಿತಿಯಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40 ಗಿಗಾಬಿಟ್‌ವರೆಗೆ ಹೋಗುತ್ತದೆ. ಪ್ಲೇಸ್ಟೇಷನ್ 5 ಹೋಗುವುದು 32ರವರೆಗೆ, 4ಕೆ 120ರಲ್ಲಿ ಅದು ಬಣ್ಣದ ವಿವರವನ್ನು ಕೊಂಚ ಕಡಿಮೆ ಮಾಡಿ ಕಳಿಸುತ್ತದೆ. ಇಷ್ಟೆಲ್ಲ ಇದ್ದೂ, ಒಂದೇ ಟಿವಿಯ ಎಲ್ಲ ಪೋರ್ಟುಗಳು ಸಮಾನವಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ನಾಲ್ಕು ಎಚ್‌ಡಿಎಂಐ ಪೋರ್ಟ್ ಇರುವ ಎಷ್ಟೋ ಟಿವಿಗಳಲ್ಲಿ ಪೂರ್ಣ ವೇಗದವು ಎರಡೇ. ಅವುಗಳಲ್ಲೂ ಒಂದು, ಸೌಂಡ್‌ಬಾರ್ ಜೋಡಿಸುವ ಇ-ಎಆರ್‌ಸಿ ಪೋರ್ಟೇ ಆಗಿರುವುದುಂಟು. ಸೌಂಡ್‌ಬಾರ್ ಇದ್ದವರಿಗೆ ಉಳಿಯುವುದು ಒಂದೇ ಪೋರ್ಟ್. ಮನೆಯಲ್ಲಿ ಎರಡು ಕನ್ಸೋಲ್ ಇದ್ದರೆ ಒಂದಕ್ಕೆ ಕಡಿಮೆ ವೇಗದ ಪೋರ್ಟೇ ಗತಿ.

ಇದನ್ನೆಲ್ಲ ತಿಳಿಯಲು ಬಾಕ್ಸಿನ ಮೇಲಿನ ‘ಎಚ್‌ಡಿಎಂಐ 2.1’ ಎಂಬ ಬರಹ ನೆರವಾಗುತ್ತದೆ ಎಂದು ಕೊಳ್ಳುವವರು ನಂಬುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲ. 2017ರಲ್ಲಿ ಹೊರಬಂದ 2.1 ಮಾನಕದ ಪ್ರಮುಖ ಸೌಲಭ್ಯಗಳು ಐಚ್ಛಿಕ. 2.0 ಈಗ ಪ್ರತ್ಯೇಕ ಮಾನಕವಾಗಿ ಉಳಿದಿಲ್ಲ, ಅದು 2.1ರೊಳಗೇ ಸೇರಿದೆ ಎಂದು 2021ರ ಕೊನೆಯಲ್ಲಿ ಪರವಾನಗಿ ಸಂಸ್ಥೆಯೇ ಸ್ಪಷ್ಟಪಡಿಸಿತು. ಅಂದರೆ ಹಳೆಯ 18 ಗಿಗಾಬಿಟ್ ಪೋರ್ಟಿನ ಮೇಲೂ 2.1 ಎಂದು ಬರೆಯಲು ಅಡ್ಡಿಯಿಲ್ಲ. ಯಾವ ಯಾವ ಸೌಲಭ್ಯ ಇವೆ ಎಂದು ತಯಾರಕರು ತಿಳಿಸಬೇಕು ಎಂಬ ಷರತ್ತೇನೋ ಇದೆ. ಆದರೆ ಆ ವಿವರ ಇರುವುದು ಜಾಲತಾಣದ ಯಾವುದೋ ಮೂಲೆಯಲ್ಲಿ, ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಸಂಖ್ಯೆ ಮಾತ್ರ. ಹಣ ಕೊಡುವವರಿಗೆ ಏನನ್ನೂ ಖಾತ್ರಿಪಡಿಸದ ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕುವುದು ನ್ಯಾಯವಲ್ಲ.

ಸರಿಯಾದ ಪೋರ್ಟ್ ಸಿಕ್ಕರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹಲವು ಟಿವಿಗಳಲ್ಲಿ ಆ ಪೋರ್ಟಿನ ಪೂರ್ಣ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಬೇಕು, ಅದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಗೇಮ್ ಮೋಡ್ ಇನ್ನೂ ಮುಖ್ಯ. ಚಿತ್ರವನ್ನು ನುಣುಪುಗೊಳಿಸಲು ಟಿವಿ ಮಾಡುವ ಸಂಸ್ಕರಣೆಗೆ ಸಮಯ ಹಿಡಿಯುತ್ತದೆ. ಕೆಲವು ಟಿವಿಗಳಲ್ಲಿ ಆ ವಿಳಂಬ 100 ಮಿಲಿಸೆಕೆಂಡಿನ ಆಸುಪಾಸಿಗೆ ಹೋಗುತ್ತದೆ. ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಇದು ಆರು ಚಿತ್ರಗಳಷ್ಟು ತಡ. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲಿನ ಆಟಗಾರ ಬ್ಯಾಟ್ ಬೀಸಿದ್ದಕ್ಕೂ ನಡುವೆ ಇಷ್ಟು ಅಂತರವಿದ್ದರೆ ಕ್ರಿಕೆಟ್ ಆಟ ಆಡಿದ ಸುಖವೇ ಇರುವುದಿಲ್ಲ. ಗೇಮ್ ಮೋಡ್ ಈ ತಡವನ್ನು ಬಹಳಷ್ಟು ಇಳಿಸುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನನ್ನ ಮಟ್ಟಿಗೆ ಇಡೀ ಜೋಡಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು.

ಸೆಕೆಂಡಿಗೆ 120 ಚಿತ್ರದಲ್ಲಿ ಓಡುವ ಆಟಗಳೇ ಕಡಿಮೆ, ಹಾಗಿರುವಾಗ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಹೆಚ್ಚಿನ ಆಟಗಳು ಓಡುವುದು 30 ಅಥವಾ 60ರಲ್ಲೇ, ನಿಜ. 2017ರ ನಿಂಟೆಂಡೊ ಸ್ವಿಚ್‌ಗಂತೂ 1080ಪಿ 60ರ ಯಾವ ಪೋರ್ಟಾದರೂ ಸಾಕು. ಆದರೆ ಈ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. 120 ಬೇಡದವರಿಗೆ ಅದಕ್ಕಾಗಿ ಹೆಚ್ಚು ಬೆಲೆಯ ಟಿವಿ ಬೇಡ ಎಂದು ತಿಳಿಯಲೂ ಸ್ಪಷ್ಟ ಮಾಹಿತಿ ಬೇಕಲ್ಲ! ಚಿತ್ರಗಳ ವೇಗ ಏರಿಳಿದಾಗ ಪರದೆ ಅದಕ್ಕೆ ಹೊಂದಿಕೊಳ್ಳುವ ವಿಆರ್‌ಆರ್ ಸೌಲಭ್ಯವೂ ಹೀಗೆಯೇ. ಪ್ಲೇಸ್ಟೇಷನ್ 5ಕ್ಕೆ 2022ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಮೂಲಕ ಅದು ಬಂದಾಗ ಉಪಯೋಗವಾದದ್ದು ಟಿವಿಯಲ್ಲಿ ಆ ಸೌಲಭ್ಯ ಇದ್ದವರಿಗೆ ಮಾತ್ರ.

ಸಾಮಾನ್ಯ ಗ್ರಾಹಕರಿಗೆ ಇಂಥ ತಾಂತ್ರಿಕ ವಿವರ ಅರ್ಥವಾಗದು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಫ್ರಿಜ್, ಏಸಿ ಕೊಳ್ಳುವಾಗ ವಿದ್ಯುತ್ ಉಳಿತಾಯದ ಸ್ಟಾರ್ ಚೀಟಿಯನ್ನು ಓದಲು ನಮ್ಮ ಜನ ಕಲಿತಿದ್ದಾರೆ; ಚೀಟಿ ಸರಳವಾಗಿದ್ದದ್ದೇ ಅದಕ್ಕೆ ಕಾರಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ ಮತ್ತು ಮಾನಕದ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಟಿವಿ ಬಾಕ್ಸಿನ ಹೊರಗೆ ಪ್ರತಿ ಪೋರ್ಟಿನ ಎದುರು ಮೂರು ವಿವರ ಅಚ್ಚಾಗಲಿ: ಎಷ್ಟು ಗಿಗಾಬಿಟ್, 4ಕೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ, ವಿಆರ್‌ಆರ್ ಉಂಟೇ ಇಲ್ಲವೇ. ಅಲ್ಲಿಯವರೆಗೆ ದಸರಾ, ದೀಪಾವಳಿಯ ರಿಯಾಯಿತಿಯಲ್ಲಿ ಟಿವಿ ಕೊಳ್ಳುವವರು ಈ ಮೂರನ್ನು ಅಂಗಡಿಯವರ ಬಾಯಿಂದಲೇ, ಪೋರ್ಟ್ ಪೋರ್ಟಿಗೂ ಬಿಡಿಸಿ, ಬಿಲ್ ಹಾಕಿಸುವ ಮುನ್ನ ಹೇಳಿಸಿಕೊಳ್ಳಬೇಕು.