ಹತ್ತೊಂಬತ್ತನೇ ತಾರೀಖಿನ ರಾತ್ರಿ

ದಾವಣಗೆರೆಯ ಮಂಡಿಪೇಟೆಯಲ್ಲಿ ‘ಆಡಿಟರ್ ಆಫೀಸಿನ ಹುಡುಗ’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಬಿಲ್ಲಿನ ಚೀಲ ಹೊತ್ತೊಯ್ಯುವವನು, ಜಿ.ಎಸ್.ಟಿ. ರಿಟರ್ನ್ ತುಂಬುವವನು. ಆತ ಸಿ.ಎ. ಓದುತ್ತಿದ್ದಾನೆ, ಪುಸ್ತಕ ಹಿಡಿಯುವುದು ರಾತ್ರಿ ಹತ್ತರ ಮೇಲೆ ಎಂಬುದು ಮಾತ್ರ ಗಲ್ಲಾದ ಮೇಲೆ ಕೂತವರ ಗಮನಕ್ಕೆ ಬರುವುದು ಕಮ್ಮಿ.

ಪರೀಕ್ಷೆಯೋ, ಸಾಮಾನ್ಯದ್ದಲ್ಲ. ಫೈನಲ್‌ನಲ್ಲಿ ಎರಡು ಗ್ರೂಪು, ಗ್ರೂಪಿಗೆ ಮೂರು ಪೇಪರು. ಪ್ರತಿ ಪೇಪರಿನಲ್ಲೂ 40 ಬರಬೇಕು, ಗ್ರೂಪಿನ 300ಕ್ಕೆ 150 ಆಗಬೇಕು. ಎರಡರಲ್ಲಿ ಎಪ್ಪತ್ತೆಪ್ಪತ್ತು ತೆಗೆದು ಮೂರನೆಯದರಲ್ಲಿ 39ಕ್ಕೆ ನಿಂತರೆ ಗ್ರೂಪೇ ಹೋಯ್ತು. 2025ರ ಮೇ ತಿಂಗಳಲ್ಲಿ ಎರಡೂ ಗ್ರೂಪು ಒಟ್ಟಿಗೆ ಬರೆದವರು 29,286 ಮಂದಿ; ಎರಡನ್ನೂ ದಾಟಿದವರು 5,490. ಕೊನೆಯ ಪೇಪರು ನಾಲ್ಕು ತಾಸು, ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಪುಟ ಹುಡುಕಲು ಕಣ್ಣು ತೆರೆದಿರಬೇಕಷ್ಟೆ!

ದಣಿದ ಹುಡುಗರ ಕಷ್ಟ ಸಿ.ಎ. ಸಂಸ್ಥೆಗೆ ತಿಳಿಯದ್ದೇನಲ್ಲ. 2023ರ ಜುಲೈಯಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಅದು ಮುಗಿದು ಆರು ತಿಂಗಳಾದ ಮೇಲೇ ಫೈನಲ್. ಓದಲು ಬಿಡುವಿರಲಿ ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಆರ್ಟಿಕಲ್‌ಶಿಪ್ ಮುಗಿದ ದಿನವೇ ಸ್ಟೈಪೆಂಡೂ ಮುಗಿಯುತ್ತದೆ; ರೂಮಿನ ಬಾಡಿಗೆ ಮುಗಿಯುತ್ತದೆಯೇ? ಮನೆಯಲ್ಲಿ ಅನುಕೂಲ ಇದ್ದವನು ಆರು ತಿಂಗಳು ಕೂತು ಓದುತ್ತಾನೆ. ಇಲ್ಲದವನು ಅದೇ ಆಫೀಸಿನಲ್ಲಿ ಸಂಬಳಕ್ಕೆ ನಿಲ್ಲುತ್ತಾನೆ, ಇಲ್ಲವೇ ಸಂಜೆ ಎರಡು ಅಂಗಡಿಯ ಲೆಕ್ಕ ಬರೆಯುತ್ತಾನೆ. ಹರಿಹರದ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟು ತೂಕಡಿಸುವವನು ಇವನೇ. ಬಿಡುವು ಕಾಗದದಲ್ಲಿ ಉಳಿಯಿತು.

ಇದರಲ್ಲಿ ಪೇಟೆಯವರ ಪಾಲೂ ಉಂಟು. ತಿಂಗಳ ರಿಟರ್ನಿನವರಿಗೆ ಮಾರಾಟದ ವಿವರಕ್ಕೆ 11, ತೆರಿಗೆ ಕಟ್ಟುವ 3-ಬಿ ಫಾರಂಗೆ 20, ಇವು ಗೊತ್ತಿರುವ ತಾರೀಖುಗಳೇ. ಆದರೂ ಬಿಲ್ಲಿನ ಚೀಲ ಬರುವುದು 10ರ ಸಂಜೆ, 19ರ ರಾತ್ರಿ. ‘ನಾಳೆ ಲಾಸ್ಟ್ ಡೇಟು, ಸ್ವಲ್ಪ ನೋಡಪ್ಪಾ’ ಅನ್ನುತ್ತಾರೆ. ಒಂದಂಗಡಿಯಾದರೆ ನೋಡಿಯಾನು, ಬೀದಿಗೆ ಬೀದಿಯೇ ಬಂದರೆ? ಮಾರನೇ ದಿನ ಪೋರ್ಟಲ್ ಬೇರೆ ಮೊಂಡು ಹಿಡಿಯುತ್ತದೆ.

ಆರು ತಿಂಗಳ ಸ್ಟೈಪೆಂಡನ್ನು ಯಾರು ಕೊಡಬೇಕೆಂಬುದು ದೆಹಲಿಯಲ್ಲಿ ತೀರ್ಮಾನವಾಗಬೇಕು. ಬಿಲ್ಲನ್ನು 5ನೇ ತಾರೀಖಿನೊಳಗೆ ಕಳಿಸುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.