ಯಂತ್ರ ಬಂದಿತು, ಉಪಾಧ್ಯಾಯರಿಗೆ ಕಲಿಸುವವರಾರು?



ಶಾಲೆಗೆ ಗಣಕಯಂತ್ರವಿಲ್ಲವೆಂದು ಕೊರಗುತ್ತಿದ್ದ ಕಾಲವು ಕಾಸರಗೋಡಿನ ಮಟ್ಟಿಗೆ ಬಹುತೇಕ ಕಳೆಯಿತು. ಕೇರಳ ಸರಕಾರವು 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿತು; 2018ರಲ್ಲಿ ಕೈಗೊಂಡ ಹೈಟೆಕ್ ಶಾಲಾ ಯೋಜನೆಯಿಂದ ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪ್ ಪ್ರೊಜೆಕ್ಟರುಗಳು ಬಂದವು. ಕೊಟ್ಟುದನ್ನು ಕೊಟ್ಟರೆಂದು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ. ನಮ್ಮ ಪ್ರಶ್ನೆ ಬೇರೆ. ಆ ಯಂತ್ರದಿಂದ ಕನ್ನಡದಲ್ಲಿ ಪಾಠ ಹೇಳುವ ಬಗೆಯನ್ನು ನಮ್ಮ ಉಪಾಧ್ಯಾಯರಿಗೆ ಕನ್ನಡದಲ್ಲಿಯೇ ಕಲಿಸುವವರಾರು?

ಗಡಿಯ ಒಂದು ಶಾಲೆಯಲ್ಲಿ ಕಂಡುದನ್ನು ಹೇಳುವೆವು. ಅಲ್ಲಿಯ ಉಪಾಧ್ಯಾಯಿನಿಯೊಬ್ಬರು ರಾತ್ರಿಯೆಲ್ಲ ಕುಳಿತು ಪಾಠದ ಟಿಪ್ಪಣಿಯನ್ನು ಮನೆಯ ಯಂತ್ರದಲ್ಲಿ ಸಿದ್ಧಪಡಿಸಿದರು. ಮರುದಿನ ಶಾಲೆಯ ಯಂತ್ರದಲ್ಲಿ ತೆರೆದರೆ ಕನ್ನಡವಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಮಕ್ಕಳು ನಕ್ಕರು. ಅಂದಿನಿಂದ ಅವರು ಯಂತ್ರವನ್ನು ಮುಟ್ಟಲಿಲ್ಲ. ತಪ್ಪು ಅವರದಲ್ಲ. ಹಳೆಯ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ರೂಪವನ್ನು ಹೊದಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಹೊದಿಕೆ ಜಾರಿ ಒಳಗಿನದು ಕಾಣಿಸುವುದು. ಯೂನಿಕೋಡಿನಲ್ಲಾದರೋ ಕನ್ನಡಕ್ಕೆ ತನ್ನವೇ ಆದ ಸಂಕೇತಗಳಿರುವುದರಿಂದ ಈ ಫಜೀತಿಯಿಲ್ಲ. ಹತ್ತು ನಿಮಿಷದಲ್ಲಿ ತಿಳಿಹೇಳಬಹುದಾದ ಮಾತಿದು, ಹೇಳುವವರಿರಲಿಲ್ಲ.

ಇನ್ನೊಂದು ಸಂಗತಿ ಗಡಿನಾಡಿನವರಿಗೆ ವಿಶೇಷವಾಗಿ ಉಪಯುಕ್ತವಾದುದು. 1991ರ ಭಾರತೀಯ ಮಾನಕದಲ್ಲಿ ಸೇರಿದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯ ಕ್ರಮವು ನಮ್ಮ ದೇಶದ ಲಿಪಿಗಳಿಗೆಲ್ಲ ಬಹುಮಟ್ಟಿಗೆ ಒಂದೇ. ಮಲಯಾಳದ ‘ಕ’ ಬರುವ ಕೀಲಿಯಲ್ಲಿಯೇ ಮರಾಠಿ, ತೆಲುಗು, ತಮಿಳುಗಳ ‘ಕ’ವೂ ಕನ್ನಡದ ‘ಕ’ವೂ ಬರುವುದು. ‘ಕ್ಷ’ ಬೇಕಾದರೆ ಕ, ಹಲಂತ, ಷ ಎಂದು ಕ್ರಮವಾಗಿ ಒತ್ತಿದರಾಯಿತು. ರಾಜ್ಯಭಾಷೆಯಲ್ಲಿ ಈ ಕ್ರಮವನ್ನು ಕಲಿತ ಉಪಾಧ್ಯಾಯರಿಗೆ ಕನ್ನಡದ ಟೈಪಿಂಗ್ ಆಗಲೇ ಮುಕ್ಕಾಲು ಪಾಲು ಕೈವಶವಾಗಿದೆ. ಎಷ್ಟು ಜನಕ್ಕೆ ಇದು ಗೊತ್ತು?

ನಮ್ಮ ಶಾಲೆಗಳ ತೊಡಕಿನ ಮೂಲವನ್ನು ವಿಚಾರಿಸಿ ನೋಡಿರಿ. ಕರ್ನಾಟಕದಲ್ಲಿ ಸಿದ್ಧವಾದ ಪಾಠಗಳು 2017ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ದೊರೆಯುತ್ತವೆ, ಭಾಷೆ ನಮ್ಮದು, ಪಠ್ಯಕ್ರಮ ನಮ್ಮದಲ್ಲ. ರಾಜ್ಯಭಾಷೆಯಲ್ಲಿ ಸಿದ್ಧವಾದವುಗಳಿಗೆ ಪಠ್ಯಕ್ರಮ ಸರಿ, ಭಾಷೆ ಬೇರೆ. ಜತ್ತ, ಅಕ್ಕಲಕೋಟೆಗಳಲ್ಲಿ ಮಹಾರಾಷ್ಟ್ರದ ‘ಬಾಲಭಾರತಿ’ಯೂ, ಕಾಸರಗೋಡಿನಲ್ಲಿ ಕೇರಳವೂ ಕನ್ನಡದ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತವೆ, ನಿಜ. ಆದರೆ ಬೀಜ ಮೊಳೆಯುವ ಚಲಚ್ಚಿತ್ರವನ್ನು ಅಲ್ಲಿಂದಾಯ್ದು, ಭೂಪಟವನ್ನು ಇಲ್ಲಿಂದ ತೆಗೆದು, ಅದಕ್ಕೆ ಕನ್ನಡದ ಹೆಸರುಗಳನ್ನು ತಾವೇ ಬರೆದು ಹೊಲಿಗೆ ಹಾಕಬೇಕಾದವರು ತರಗತಿಯ ಉಪಾಧ್ಯಾಯರು. ಈ ಕೆಲಸವನ್ನು ಬೆಂಗಳೂರೂ ಮಾಡದು, ತಿರುವನಂತಪುರವೂ ಮಾಡದು. ಅವರ ಕೈ ತಡವರಿಸಿದರೆ ಪರದೆಯ ಮೇಲೆ ರಾಜ್ಯಭಾಷೆ ಮೂಡುತ್ತದೆ, ಮಕ್ಕಳು ಬಾಯಿ ಬಿಡದೆ ನೋಡುತ್ತ ಕೂಡುತ್ತಾರೆ, ತಂದೆತಾಯಿಗಳು “ಹಾಗಿದ್ದ ಮೇಲೆ ಕನ್ನಡ ಶಾಲೆಯೇಕೆ?” ಎಂದು ಹೆಸರು ತೆಗೆಸುತ್ತಾರೆ.

ಸಭಾಭವನದಲ್ಲಿ ನೂರಾರು ಜನರನ್ನು ಕೂಡಿಸಿ ಒಂದು ದಿನ ಉಪನ್ಯಾಸ ಮಾಡಿ ಚಹಾ ಕೊಟ್ಟು ಕಳುಹಿಸುವುದನ್ನು ತರಬೇತಿಯೆಂದು ನಾವು ಒಪ್ಪೆವು. ಈಜನ್ನು ದಡದ ಮೇಲೆ ಕಲಿತವರುಂಟೆ? ನೆರೆಯ ನಾಲ್ಕಾರು ಕನ್ನಡ ಶಾಲೆಗಳವರು ತಿಂಗಳಿಗೊಮ್ಮೆ ಒಂದೆಡೆ ಕೂಡಲಿ. ಬಲ್ಲವರು ಪಕ್ಕದಲ್ಲಿ ಕುಳಿತು, ಬರುವ ವಾರ ಹೇಳಬೇಕಾದ ಪಾಠವನ್ನೇ ಕೈಹಿಡಿದು ಮಾಡಿಸಲಿ. ಅನೇಕ ವೇಳೆ ಆ ಬಲ್ಲವರು ವಯಸ್ಸಿನಲ್ಲಿ ಕಿರಿಯರಾಗಿರುವರು. ಹಿರಿಯ ಮಾಸ್ತರರು ಅದರಿಂದ ಕುಂದೆಂದು ಭಾವಿಸಬಾರದು. ಪಾಠ ಹೇಳುವ ಹದವನ್ನು ಕಿರಿಯರು ಕಲಿಯಬೇಕಾದುದು ಅವರಿಂದಲೇ.

1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದ ವರ್ಷವೇ ಸಂವಿಧಾನಕ್ಕೆ 350ಎ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಕನ್ನಡದಲ್ಲಿ ತರಬೇತಿ ಹೊಂದಿದ ಉಪಾಧ್ಯಾಯರೂ ಆ ಸೌಕರ್ಯದ ಭಾಗವೆಂಬುದು ನಮ್ಮ ವಾದ. ಆದುದರಿಂದ ಬರುವ ಪಾಲಕರ ಸಭೆಯಲ್ಲಿ ಒಂದು ಠರಾವು ಮಾಡಿರಿ: ಕನ್ನಡ ಬಲ್ಲ ತರಬೇತುದಾರರು, ಕನ್ನಡದ ಕೈಪಿಡಿ, ಶಾಲೆಯ ಪ್ರತಿ ಯಂತ್ರದಲ್ಲಿಯೂ ಯೂನಿಕೋಡ್ ಕನ್ನಡ. ಮುಖ್ಯೋಪಾಧ್ಯಾಯರ ಮೂಲಕ ಅದನ್ನು ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿರಿ. ಪ್ರತಿಯೊಂದನ್ನು 350ಬಿ ವಿಧಿಯ ಮೇರೆಗೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗಳಿಗೂ, ಇನ್ನೊಂದನ್ನು ನಮ್ಮ ಸಮಿತಿಗೂ ಕಳುಹಿಸಿರಿ. ಅರ್ಜಿಯನ್ನು ಕನ್ನಡದಲ್ಲಿಯೇ, ಶಾಲೆಯ ಯಂತ್ರದಲ್ಲಿಯೇ ಟೈಪು ಮಾಡಿಸಿರಿ.