ಗುಣವಾಗದ ಬೇನೆಗೂ ಆರೈಕೆಯುಂಟು

‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಆಸ್ಪತ್ರೆಯಲ್ಲಿ ಹೇಳಿದೊಡನೆ ಮನೆಮಂದಿ ಕೈಚೆಲ್ಲಿ ಕುಳಿತುಕೊಳ್ಳುವುದನ್ನು ನಾವು ಕಾಣುತ್ತಿದ್ದೇವೆ. ರೋಗವು ಗುಣವಾಗದೆಂಬುದು ಬೇರೆ, ರೋಗಿಯ ನೋವು ಶಮನವಾಗದೆಂಬುದು ಬೇರೆ. ಈ ಎರಡನೆಯದಕ್ಕಾಗಿಯೇ ಇರುವುದು ಉಪಶಮನ ಆರೈಕೆ. ನಮ್ಮ ಕಾಸರಗೋಡಿನಲ್ಲಿ ‘ಪಾಲಿಯೇಟಿವ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ತೊಡಗಿದ ಈ ಸೇವೆಗೆ ಕೇರಳ ಸರಕಾರವು 2008ರಲ್ಲಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಇಂದು ಪಂಚಾಯತಿನ ಪಾಲಿಯೇಟಿವ್ ದಾದಿ ಮನೆಬಾಗಿಲಿಗೆ ಬರುತ್ತಾರೆ; ಹುಣ್ಣು ತೊಳೆದು ಕಟ್ಟುತ್ತಾರೆ, ಮೂತ್ರದ ನಳಿಗೆ ಬದಲಿಸುತ್ತಾರೆ, ಮಲಗಿದಲ್ಲೇ ಹುಣ್ಣಾಗದಂತೆ ರೋಗಿಯ ಮಗ್ಗುಲು ಬದಲಿಸುವ ಕ್ರಮವನ್ನು ಮನೆಯವರಿಗೆ ಕಲಿಸುತ್ತಾರೆ.

ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಗುಳಿಗೆ ಬರೆದುಕೊಟ್ಟರೆ ಚಟವಾದೀತೆಂದು ಹೆದರಿ ಬಚ್ಚಿಡಬಾರದು. ನೋವು ಉಲ್ಬಣಿಸುವ ತನಕ ಕಾಯದೆ, ಅವರು ಹೇಳಿದ ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ಅದರಿಂದ ಮಲಬದ್ಧತೆಯಾಗುವುದುಂಟು; ಅದಕ್ಕೂ ಔಷಧವನ್ನು ಕೇಳಿ ಪಡೆಯಬೇಕು.

ಗಡಿನಾಡಿನ ನಮಗೆ ಇನ್ನೊಂದು ಹೊಣೆಯಿದೆ. ದಾದಿಯ ನುಡಿ ಅನೇಕ ವೇಳೆ ಮಲಯಾಳ. ನಮ್ಮ ಹಿರಿಯರು ನರಳುವುದು ಕನ್ನಡದಲ್ಲಿ, ತುಳುವಿನಲ್ಲಿ. ಉರಿಯೇ, ಸೆಳೆತವೇ, ಚುಚ್ಚುವಿಕೆಯೇ ಎಂಬುದರ ಮೇಲೆ ಔಷಧವೇ ಬದಲಾದೀತು. ಆದುದರಿಂದ ಎರಡೂ ಭಾಷೆ ಬಲ್ಲ ಹಿರಿಯರೊಬ್ಬರು ಬಳಿಯಲ್ಲಿರಲಿ. ರೋಗಿಯ ಮಾತಿಗೆ ತಮ್ಮದನ್ನು ಸೇರಿಸದೆ, ಮರೆಮಾಚದೆ ತಿಳಿಸಲಿ.

ಓದುಗ ಬಾಂಧವರೇ, ‘ಅವರಿಗೇನು ತಿಳಿಯುತ್ತದೆ?’ ಎಂದು ರೋಗಿಯ ತಲೆಯ ಮೇಲಿಂದ ಮಾತನಾಡದಿರೋಣ. ಎಲ್ಲಿ ಮಲಗಬೇಕು, ಯಾರನ್ನು ಕಾಣಬೇಕು, ಏನು ಬೇಡ ಎಂಬುದನ್ನು ಅವರನ್ನೇ ಕೇಳೋಣ.